ಕೆಂಪು ಮರದ ಉರುಳೆ

ಗಂಡ ಸತ್ತವಳಿಗೆ ಒಂದು ಹಿಂಡುಯಂತ್ರ ಕೊಡಿಸುವುದು
ಈ ತಾಮ್ರದೂರಿನ ವಾಡಿಕೆ.
ಕಬ್ಬಿಣದ ಚೌಕಟ್ಟು, ಎರಡು ಮರದುರುಳೆ, ಒಂದು ಹಿಡಿ.
ಒದ್ದೆ ಬಟ್ಟೆ ಈಚೆಯಿಂದ ಹೋಗಿ ಆಚೆ ಚಪ್ಪಟೆಯಾಗಿ ಬೀಳುತ್ತದೆ;
ಡಜನ್ನಿಗೆ ಮೂರು ಪೆನ್ನಿ.

ನನ್ನವನು ಅದಿರಿನ ಗಾಡಿಯಡಿ ಸಿಕ್ಕ ವಾರ
ಪ್ರಾರ್ಥನಾಮಂದಿರದಲ್ಲಿ ಟೋಪಿ ತಿರುಗಿತು.
ಜೀನುಗಾರ ಪೆಂಗೆಲಿ ಅರ್ಧ ಕ್ರೌನು ಹಾಕಿದ.
ಬತ್ತಿ ಎರೆಯುವವನ ಬಳಿ ಕಾಸಿರಲಿಲ್ಲ, ಎರಡು ಕಟ್ಟು ಬತ್ತಿ ಕೊಟ್ಟ;
ಕುರಿಕೊಬ್ಬಿನ ವಾಸನೆಯಲ್ಲೇ ಆ ಚಳಿಗಾಲ ಅತ್ತು ಮುಗಿಸಿದೆ.
ತಗಡು ಬಡಿಯುವ ಜರ್ಮನ್ ಮುದುಕ ಗಾಟ್‌ಹಿಲ್ಫ್
ನನ್ನ ಸೋರುವ ಬಕೆಟ್ಟಿಗೆ ಹೊಸ ತಳ ಹಾಕಿ
ಬಾಗಿಲಲ್ಲಿಟ್ಟು ಹೋದ, ತಟ್ಟಲೂ ಇಲ್ಲ.

ಯಂತ್ರ ಹಡಗಿನಲ್ಲಿ ಬಂತು, ಆಮೇಲೆ ನೂರು ಮೈಲಿ ಎತ್ತಿನ ಗಾಡಿಯಲ್ಲಿ.
ಪೆಟ್ಟಿಗೆಯ ಹುಲ್ಲಿಗೆ ಇನ್ನೂ ಲ್ಯಾಂಕಶೈರಿನ ಮಳೆಯ ವಾಸನೆ.
ಬಿಳಿ ಸಿಕಮೋರ್ ಉರುಳೆ, ಕೂಸಿನ ತೊಡೆಯಷ್ಟು ನುಣುಪು.
ಊರಿನ ಗುಟ್ಟೆಲ್ಲ ನನ್ನ ಕೈಯಲ್ಲಿ ಹಾಯತೊಡಗಿತು:
ಯಾರ ಮನೆಯಲ್ಲಿ ಹಾಸಿಗೆ ಎರಡಾಗಿದೆ,
ಯಾರ ಹೊದಿಕೆಯ ಮೇಲೆ ಹಿಟ್ಟಿನ ಗಿರಣಿಯ ಹೆಸರು ಇನ್ನೂ ಓದಲು ಬರುತ್ತದೆ,
ದರ್ಜಿ ನ್ಯಾಂಕಿವೆಲ್‌ನ ಸ್ವಂತ ಅಂಗಿಗಳು ಎಲ್ಲೆಲ್ಲಿ ಹೊಲಿಗೆ ಬಿಟ್ಟಿವೆ.
ಕೇಳಿದವರ ಜೊತೆ ನಾನು ಹವೆಯ ಮಾತಾಡಿದೆ.

ಜನವರಿಯ ಬಿಸಿಲು. ಮೇಲಿನ ಉರುಳೆ
ನಡುರಾತ್ರಿ ಬಂದೂಕಿನಂತೆ ಸಿಡಿದು ಉದ್ದಕ್ಕೂ ಬಿರಿಯಿತು.
ಮರ ಕಡೆಯುವ ಹ್ಯಾನಿಬಲ್ ಕರ್ನೋ ಬಂದು
ಬಿರುಕಿಗೆ ಉಗುರು ತೂರಿಸಿ ನೋಡಿದ.
"ಆ ಜಾತಿ ಈ ನೆಲದಲ್ಲಿಲ್ಲ, ಥರ್ಜಾ.
ಇಲ್ಲಿರುವುದು ಕೆಂಪು ನೀಲಗಿರಿ. ಕೊಡಲಿಗೂ ಸೊಪ್ಪು ಹಾಕದ ಮರ.
ನಿನಗಷ್ಟೇ ಏನು, ನಿನ್ನ ನಂತರದ ವಿಧವೆಗೂ ಸಾಕು."

ಕಡೆದು ತಂದ. ಭಾರವೆಂದರೆ ಭಾರ.
ಮೊದಲ ಸೋಮವಾರ ಲಾಬ್ ಹೋಟೆಲಿನ ಹನ್ನೆರಡು ಹಾಸುಬಟ್ಟೆ
ಬೆಳ್ಳಗೆ ಹೋದವು, ಬರುವಾಗ
ಜ್ವರದ ಮಗುವಿನ ಕೆನ್ನೆ.
ಉಜ್ಜಿದೆ. ಬಿಸಿಲಿಗೆ ಹರವಿದೆ. ನಿಂಬೆ ಹಿಂಡಿದೆ.
ಬಣ್ಣ ನಾಚಿಕೆ ಬಿಡಲಿಲ್ಲ.
ಅಷ್ಟರಲ್ಲಿ ಪ್ರಭುಭೋಜನದ ಮೇಜಿನ ಬಟ್ಟೆಯೂ ಹಾದುಹೋಗಿತ್ತು.

ಹೋಟೆಲಿನೊಡತಿ ಬೀದಿಯಲ್ಲಿ ನಿಂತು ಕೂಗಾಡಿದಳು.
ಪಾದ್ರಿ ಬಟ್ಟೆ ಮಡಚಿ ನನ್ನ ಕೈಗಿಟ್ಟು ನಿಟ್ಟುಸಿರಿಟ್ಟ;
ಕೂಗಿದ್ದರೇ ವಾಸಿಯಿತ್ತು.
ಎರಡು ವಾರ ನನ್ನ ಬಾಗಿಲಿಗೆ ಒಂದು ಗಂಟೂ ಬರಲಿಲ್ಲ.
ಉರುಳೆ ಬಿಚ್ಚಿ ಹಳ್ಳದಲ್ಲಿ ಮುಳುಗಿಸಿ ಕಲ್ಲು ಹೇರಿದೆ.
ನೀರು ಚಹಾದ ಬಣ್ಣಕ್ಕೆ ತಿರುಗಿ,
ಕೆಳಗಡೆ ಎತ್ತಿಗೆ ನೀರು ಕುಡಿಸುವವರು
ನನ್ನ ಹೆಸರು ಹಿಡಿದು ಬೈದರು.

ಹ್ಯಾನಿಬಲ್ ತಪ್ಪಾಯಿತು ಅನ್ನಲಿಲ್ಲ. ಅವನ ಜಾಯಮಾನವಲ್ಲ.
ಶನಿವಾರ ಸಂಜೆ ಉರುಳೆಯನ್ನು ತಾನೇ ಎತ್ತಿ ತಂದು ಜೋಡಿಸಿ,
ಕಂಕುಳಿಂದ ಒಂದು ಅಂಗಿ ತೆಗೆದ, ಮದುವೆಗೆಂದು ಹೊಲಿಸಿದ್ದು;
ಆಗದೇ ಹೋದ ಮದುವೆ, ಆ ಕಥೆ ಬೇಡ.
"ಹಾಕು" ಅಂದ. "ಎರಡು ಸಲ ಹಾಕು."

ಭಾನುವಾರ, ನೂರ ಹತ್ತು ಡಿಗ್ರಿ,
ಕೋಟನ್ನು ತೋಳ ಮೇಲೆ ಇಳಿಬಿಟ್ಟು
ಮೊದಲ ಬೆಂಚಿಗೆ ಹೋಗಿ ಕೂತ,
ಆರಡಿಯ ಆಳು, ಗುಲಾಬಿಯಾಗಿ.
ಎರಡನೇ ಕೀರ್ತನೆಯ ನಡುವೆ ಯಾರೋ ಕೆಮ್ಮಿದರು,
ಹೆಂಗಸರ ಸಾಲಿನಲ್ಲಿ ಯಾರೋ ಕಿಸಕ್ಕೆಂದರು,
ಪಾದ್ರಿ ಪುಸ್ತಕವನ್ನು ಮುಖದವರೆಗೆ ಎತ್ತಿ ಹಿಡಿದ,
ಪುಸ್ತಕ ಕುಲುಕುತ್ತಿತ್ತು.
ಸೋಮವಾರ ಒಂಬತ್ತು ಗಂಟು.

ಬರಬರುತ್ತ ಉರುಳೆ ಬಣ್ಣ ಬಿಡುವುದನ್ನು ಮರೆಯಿತು.
ಮುಂದೆ ಗಣಿಯೂ ನಿಂತಿತು. ಪಂಪಿನ ಸದ್ದು ನಿಂತ ರಾತ್ರಿ
ಊರಿಗೆ ಊರೇ ಎದ್ದು ಕೂತಿತ್ತು.
ಒಬ್ಬೊಬ್ಬರೇ ಮೂಂಟಾಕ್ಕೆ, ವಾಲರೂಗೆ ಗಾಡಿ ಹೇರಿದರು,
ತೊಟ್ಟಿಲು, ಕೆಟಲು, ಕಾಲು ಮುರಿದ ಪಿಯಾನೊ,
ಎಲ್ಲದರ ಮೇಲೆ ಹಾಸುಬಟ್ಟೆ, ನಾನು ಹಾಕಿದ ಮಡಿಕೆಯಲ್ಲೇ.
ಹ್ಯಾನಿಬಲ್ ಹೊರಟ ದಿನ ಬಂದು
ಹಿಡಿಗೆ ಎಣ್ಣೆ ಹಾಕಿದ. ಬೇರೇನೂ ಹೇಳಲಿಲ್ಲ.

ಉರುಳೆ ಕಲ್ಲಿನಂತಿದೆ. ಮುಂದಿನ ವಿಧವೆಗೂ ಸಾಕು ಅಂದಿದ್ದನಲ್ಲ,
ಸಾಯಲು ಈಗ ಊರಲ್ಲಿ ಗಂಡಸರೇ ಇಲ್ಲ.
ಲಾಬ್ ಹೋಟೆಲಿನ ಬಾಕಿ ಹದಿನಾಲ್ಕು ಪೆನ್ನಿ.
ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ ಬರೆದಿದ್ದೇನೆ,
ಮಸುಕಾದಾಗೆಲ್ಲ ಮತ್ತೆ ತೀಡುತ್ತೇನೆ.